ರೋಗಕ್ಕೆ ಪಕ್ಷ ಇಲ್ಲ, ಮಣ್ಣಿಗೆ?

ಕಾಸರಗೋಡು ಜಿಲ್ಲೆಯ ಪೆರ್ಲದ ನಿವೃತ್ತ ಅಧ್ಯಾಪಕರೊಬ್ಬರ ಪತ್ರ: "ಕೊರೋನಾ ಕಾಲದಲ್ಲಿ ಕರ್ನಾಟಕ ನಮ್ಮ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದ್ದು ಜನರ ಜೀವ ಉಳಿಸಲು. ಹೋದ ಸಂಚಿಕೆಯಲ್ಲಿ ನೀವು ಅದಕ್ಕೂ ರಾಜಕೀಯದ ಬಣ್ಣ ಹಚ್ಚಿದ್ದೀರಿ. ರೋಗಕ್ಕೆ ಯಾವ ಪಕ್ಷ?"

ಉತ್ತರ: ಮಾಷ್ಟ್ರೇ, ನಿಮ್ಮ ಅಕ್ಷರ ಈಗಲೂ ಕಾಪಿ ಪುಸ್ತಕದ ಹಾಗೇ ಇದೆ. ನೋಡಿಯೇ ಖುಷಿಯಾಯಿತು. ಒಪ್ಪುವ ಮಾತನ್ನು ಮೊದಲು ಒಪ್ಪಿಬಿಡುತ್ತೇನೆ. 2020ರ ಮಾರ್ಚ್ ಕೊನೆಗೆ ಕೇರಳದಲ್ಲೇ ಅತಿ ಜಾಸ್ತಿ ಸೋಂಕು ಇದ್ದದ್ದು ನಮ್ಮ ಕಾಸರಗೋಡಿನಲ್ಲಿ. ಮಂಗಳೂರಿನವರು ಹೆದರಿದ್ದರಲ್ಲಿ ತಪ್ಪಿಲ್ಲ.

ಆದರೆ ರೋಗಕ್ಕೆ ಪಕ್ಷ ಇಲ್ಲದಿದ್ದರೂ ಗಡಿಯ ರಸ್ತೆಗೆ ಮಣ್ಣು ಸುರಿದು ದಿಬ್ಬ ಹಾಕಿ ಎಂದು ಹೇಳುವವರಿಗೆ ಇರುತ್ತದೆ, ಅಲ್ವಾ? ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿ ಎಂದಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಓಡಿತು. ನಮ್ಮ ಸಂಸದ, ಕಾಂಗ್ರೆಸ್ಸಿನ ರಾಜಮೋಹನ್ ಉಣ್ಣಿತ್ತಾನ್ ಕೂಡ ಅಲ್ಲಿಗೇ ಹೋದರು. ಏಪ್ರಿಲ್ 7ಕ್ಕೆ ಕೇಸು ಮುಗಿಯಿತು. ಕೊನೆಗೆ ಒಪ್ಪಿದ್ದು ಏನನ್ನು? ಗಡಿಯಲ್ಲಿ ಡಾಕ್ಟರು ರೋಗಿಯನ್ನು ನೋಡುವುದು, ಕೊರೋನಾ ಅಲ್ಲದಿದ್ದರೆ ಆಂಬುಲೆನ್ಸ್ ಬಿಡುವುದು. ಇಷ್ಟನ್ನು ಮೊದಲ ದಿನವೇ ಮಾಡಬಹುದಿತ್ತು. ಅಷ್ಟರೊಳಗೆ ದಾರಿ ಸಿಗದೆ ಸತ್ತವರ ಸುದ್ದಿ ಒಂದೊಂದಾಗಿ ಬಂದದ್ದು ನಿಮಗೂ ನೆನಪಿರಬೇಕು.

ನನ್ನ ಚಿಕ್ಕಮ್ಮನ ಮನೆ ಗಡಿಯ ಈಚೆ, ಮಂಜೇಶ್ವರ. ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಆ ವಾರ ಚಿಕ್ಕಪ್ಪ ದಿಬ್ಬದ ಈಚೆ ನಿಂತು ತುಳುವಿನಲ್ಲಿ ಅಂಗಲಾಚಿದರು. ಆಚೆಯ ಪೊಲೀಸನೂ ತುಳುವಿನಲ್ಲೇ, ಬಹಳ ಮರ್ಯಾದೆಯಿಂದ, ಆರ್ಡರ್ ಇಲ್ಲ ಎಂದ. ಪಾಪ, ಅವನ ಅತ್ತೆ ಮನೆ ಕುಂಬಳೆಯಂತೆ.

ಈಗ ಓಟಿನ ಲೆಕ್ಕ ನೋಡಿ. ಆಗ ಬೆಂಗಳೂರಿನಲ್ಲಿ ಯಡಿಯೂರಪ್ಪನವರ ಬಿಜೆಪಿ, ತಿರುವನಂತಪುರದಲ್ಲಿ ಪಿಣರಾಯಿಯವರ ಎಡರಂಗ. ಒಬ್ಬರಿಗೊಬ್ಬರು ಬಗ್ಗಿದರೆ ಮಾನ ಹೋಗುತ್ತಿತ್ತು. 2016ರಲ್ಲಿ ಮಂಜೇಶ್ವರದಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು ಬರೀ 89 ಓಟಿಗೆ. ಅಂದರೆ ದಿಬ್ಬದ ಈಚೆ ಅವರದೇ ಪಕ್ಷದ ಸಾವಿರಾರು ಮನೆಗಳು! ಆದರೆ ಈ ಮನೆಗಳ ಓಟು ಬೆಂಗಳೂರಿನ ಸರಕಾರವನ್ನು ಉಳಿಸುವುದೂ ಇಲ್ಲ, ಬೀಳಿಸುವುದೂ ಇಲ್ಲ. ದಕ್ಷಿಣ ಕನ್ನಡದ ಓಟು ಹಾಗಲ್ಲ.

ಲೋಕವೆಲ್ಲ ಇದೇ ಕಥೆ ಬಿಡಿ. ಅದೇ ಏಪ್ರಿಲ್, ಮೇಯಲ್ಲಿ ಬ್ರೆಜಿಲಿನ ಆಗಿನ ಅಧ್ಯಕ್ಷ ಬೊಲ್ಸೊನಾರೊ ಜೊತೆ ಏಗಲಾಗದೆ ಒಂದು ತಿಂಗಳೊಳಗೆ ಇಬ್ಬರು ಆರೋಗ್ಯ ಮಂತ್ರಿಗಳು ಹೋದರು. ಒಬ್ಬರನ್ನು ತೆಗೆದರು, ಇನ್ನೊಬ್ಬರು ತಾವೇ ಬಿಟ್ಟರು. ಇಬ್ಬರೂ ಡಾಕ್ಟರುಗಳೇ.

ಹಾಗಂತ ಕೇರಳವನ್ನು ಹೊಗಳುತ್ತೇನೆ ಅಂದ್ಕೊಬೇಡಿ. ನಾವು ಜ್ವರಕ್ಕೂ ಮಂಗಳೂರಿಗೆ ಓಡುವ ಹಾಗಾದದ್ದು ಯಾಕೆ? ನಿಮ್ಮ ಪೆರ್ಲದ ಹತ್ತಿರವೇ ಇದೆಯಲ್ಲ, ಉಕ್ಕಿನಡ್ಕದ ಮೆಡಿಕಲ್ ಕಾಲೇಜು. ಕಲ್ಲು ಹಾಕಿದ್ದು 2013ರಲ್ಲಿ, ಕಾಂಗ್ರೆಸ್ಸಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಕಾಲದಲ್ಲಿ. ಸರಕಾರ ಬದಲಾಯಿತು, ಕೊರೋನಾ ಬರುವವರೆಗೂ ಕಾಲೇಜು ಮಾತ್ರ ಶುರುವಾಗಲಿಲ್ಲ. 2020ರ ಏಪ್ರಿಲಿನಲ್ಲಿ ಅಲ್ಲಿನ ಒಂದು ಕಟ್ಟಡಕ್ಕೆ ದಿಢೀರನೆ ಹಾಸಿಗೆ ಹಾಕಿ ಕೋವಿಡ್ ಆಸ್ಪತ್ರೆ ಮಾಡಿದರು. ಡಾಕ್ಟರುಗಳು ತಿರುವನಂತಪುರದಿಂದ, ಇಡೀ ರಾಜ್ಯ ದಾಟಿ ಬರಬೇಕಾಯಿತು. ಅವರಿಗೆ ಕೈ ಮುಗಿಯುತ್ತೇನೆ. ಅವರನ್ನು ಅಷ್ಟು ದೂರದಿಂದ ಕರೆಸುವ ಹಾಗೆ ಮಾಡಿದವರಿಗೆ ಅಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮದು ಇದೇ ಪಾಡು. ನಮ್ಮ ಮನೆಗೆ ಕ್ವಾರಂಟೈನ್ ಚೀಟಿ ಬಂದದ್ದೂ ಬರೀ ಮಲಯಾಳದಲ್ಲಿ. ಅಮ್ಮನಿಗೆ ಮಲಯಾಳ ಓದಲು ಬಾರದು, ನನ್ನದೂ ಅಷ್ಟಕ್ಕಷ್ಟೇ. ಪಕ್ಕದ ಮನೆಯ ಹುಡುಗನನ್ನು ಕರೆದೆವು. ಅವನು ಗೇಟಿನ ಹೊರಗೆ ನಿಂತು, ಅರ್ಧ ಗಂಟೆ, ಗಟ್ಟಿಯಾಗಿ ಓದಿ ಅರ್ಥ ಹೇಳಿದ: ಹದಿನಾಲ್ಕು ದಿನ ಯಾರನ್ನೂ ಮನೆ ಹತ್ತಿರ ಕರೆಯಬಾರದು, ಯಾರ ಜೊತೆಯೂ ಮಾತಾಡುತ್ತ ನಿಲ್ಲಬಾರದು.