ಅಕೌಂಟು ನಿಮ್ಮದು, ಕೀಲಿಕೈ ಯಾರದು?

ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಜಿಮೇಲ್‌ಗೆ ಪತ್ರಗಳೇ ಬರುತ್ತಿಲ್ಲ. ಮಗಳು ಕಳಿಸಿದ್ದು ಅವಳಿಗೇ ವಾಪಸಾಗಿದೆ. ಜಾಗ ತುಂಬಿದೆ ಎಂದು ಸೂಚನೆ ಬರುತ್ತದೆ. ಫೋನಿನಲ್ಲಿ 128 ಜಿಬಿ ಇದೆ, ಅರ್ಧಕ್ಕಿಂತ ಹೆಚ್ಚು ಖಾಲಿ. ಕುಳಿತು ಇನ್ನೂರು ಪತ್ರ ಅಳಿಸಿದರೂ ಗುಣ ಕಾಣಲಿಲ್ಲ. ತಿಂಗಳಿಗಿಷ್ಟು ಹಣ ಕಟ್ಟಿ ಎನ್ನುತ್ತಿದೆ. ಕಟ್ಟಲೇ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಈಗಲೇ ಕಟ್ಟಬೇಡಿ ಮೇಷ್ಟ್ರೇ. ನಿಮ್ಮ ಫೋನಿಗೆ ಏನೂ ಆಗಿಲ್ಲ. ಗೂಗಲ್‌ನವರು ಪ್ರತಿ ಅಕೌಂಟಿಗೆ ಪುಕ್ಕಟೆಯಾಗಿ ಕೊಡುವ 15 ಜಿಬಿ ತುಂಬಿದೆ. ಆ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಹಿಂದೆ ಸ್ವಲ್ಪ ಕುಗ್ಗಿಸಿದ ಫೋಟೋಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 2021ರ ಜೂನ್ 1ರಿಂದ ಅವೂ ಲೆಕ್ಕಕ್ಕೆ ಬಂದವು. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅಲ್ಲೇ ಬಂದು ಕುಳಿತಿದೆ. ಬೆಳಗಾದರೆ ಬರುವ ಸೂರ್ಯೋದಯ, ಕೊಳಲಿನ ಸಂಗೀತ, ‘ಶುಭ ದಿನ’ದ ವಿಡಿಯೋಗಳೆಲ್ಲ ಪ್ರತಿ ರಾತ್ರಿ ನಿಮ್ಮ 15 ಜಿಬಿಗೆ ಜಮೆಯಾಗುತ್ತಿರುತ್ತವೆ. ನೀವು ಅಳಿಸಿದ ಇನ್ನೂರು ಪತ್ರಗಳಲ್ಲಿ ಹೆಚ್ಚಿನವು ಬರೀ ಅಕ್ಷರದವು ಇರಬೇಕು. ಅಂಥವು ಸಾವಿರ ಹೋದರೂ ಒಂದು ಮದುವೆ ವಿಡಿಯೋಗೆ ಸಮವಲ್ಲ.

ಜಿಮೇಲ್ ತೆರೆದು ಬಲಗಡೆ ಮೇಲೆ ನಿಮ್ಮ ಚಿತ್ರವನ್ನು ಒತ್ತಿ. 15 ಜಿಬಿಯಲ್ಲಿ ಎಷ್ಟು ಬಳಕೆಯಾಗಿದೆ ಎಂಬುದು ಅಲ್ಲಿ ಕಾಣುತ್ತದೆ. ಅದನ್ನೇ ಒತ್ತಿದರೆ ಯಾವುದು ಎಷ್ಟು ತಿಂದಿದೆ ಎಂಬ ವಿವರ ಸಿಗುತ್ತದೆ. ತಪ್ಪು ವಾಟ್ಸ್‌ಆ್ಯಪ್‌ನದಾದರೆ ಅದರ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ವಿಡಿಯೋ ಸೇರಿಸುವ ಗುಂಡಿಯನ್ನು ಆಫ್ ಮಾಡಿ. ಜಿಮೇಲ್‌ನದಾದರೆ ಹುಡುಕುವ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ‘ಲಾರ್ಜರ್’ ಎಂದು ಬರೆದು, ಜಾಗ ಬಿಡದೆ ಕೋಲನ್ ಚಿಹ್ನೆ, ಅದಕ್ಕಂಟಿಕೊಂಡು 10 ಮತ್ತು ಎಂ ಅಕ್ಷರ ಹಾಕಿ. ಹತ್ತು ಎಂಬಿಗಿಂತ ದೊಡ್ಡ ಪತ್ರಗಳು ಮಾತ್ರ ಸಾಲಾಗಿ ಬರುತ್ತವೆ. ಬೇಡದ್ದನ್ನು ಅಳಿಸಿದ ಮೇಲೆ ಟ್ರ್ಯಾಶ್‌ಗೂ ಹೋಗಿ ಖಾಲಿ ಮಾಡಬೇಕು. ಇಲ್ಲದಿದ್ದರೆ ಅವು ಅಲ್ಲಿಯೇ 30 ದಿನ ಇದ್ದು ಜಾಗ ಹಿಡಿದಿರುತ್ತವೆ. ನಿಮಗೆ ಗುಣ ಕಾಣದಿರಲು ಇದೂ ಒಂದು ಕಾರಣ.

ಫೋಟೋಸ್ ಮುಟ್ಟುವಾಗ ಮಾತ್ರ ಜೋಪಾನ. ಆ ಆ್ಯಪ್‌ನಲ್ಲಿ ಅಳಿಸಿದರೆ ಮೋಡದಲ್ಲಿ, ಅಂದರೆ ಗೂಗಲ್‌ನವರ ಕಂಪ್ಯೂಟರಿನಲ್ಲಿ, ಇರುವುದೂ ಹೋಗುತ್ತದೆ, ಫೋನಿನಲ್ಲಿರುವುದೂ ಹೋಗುತ್ತದೆ. ‘ಮೇಲೆ ಇದೆಯಲ್ಲ’ ಎಂದು ಮೊಮ್ಮಗನ ನಾಮಕರಣವನ್ನೇ ಅಳಿಸಿಕೊಂಡು ಬಂದವರನ್ನು ನೋಡಿದ್ದೇನೆ. ಬ್ಯಾಕಪ್ ಆದ ಫೋಟೋ ಅಲ್ಲಿನ ಟ್ರ್ಯಾಶ್‌ನಲ್ಲಿ 60 ದಿನ ಉಳಿಯುತ್ತದೆ, ಅಷ್ಟರೊಳಗೆ ನೆನಪಾದರೆ ಬಚಾವು. ಬೇಕಾದ ಚಿತ್ರಗಳನ್ನು ಮೊದಲು ಕಂಪ್ಯೂಟರಿಗೋ ಪೆನ್‌ಡ್ರೈವ್‌ಗೋ ಇಳಿಸಿಕೊಳ್ಳಿ. ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಹಣ ಕಟ್ಟುವುದು ತಪ್ಪಲ್ಲ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಫೋನ್ ಕೊಂಡಾಗ ಅಂಗಡಿಯ ಹುಡುಗನೇ ಇಮೇಲ್ ಮಾಡಿಕೊಟ್ಟಿದ್ದ. ಫೋನ್ ನಿಧಾನವಾಯಿತೆಂದು ಪಕ್ಕದ ಮನೆಯ ಹುಡುಗ ರೀಸೆಟ್ ಮಾಡಿದ. ಈಗ ಹಳೆಯ ಇಮೇಲ್, ಪಾಸ್‌ವರ್ಡ್ ಕೇಳುತ್ತಿದೆ. ನನಗೆ ಎರಡೂ ಗೊತ್ತಿಲ್ಲ.
— ಗೃಹಿಣಿ, ಸಿದ್ದಾಪುರ

ಉತ್ತರ: ಅಕ್ಕ, ಇಂಥ ಫೋನು ನನ್ನ ಮೇಜಿಗೆ ಬರದ ವಾರವಿಲ್ಲ. ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ನನ್ನ ಕಸುಬಿನವರ ಮೇಲೆ. ಗಿರಾಕಿ ಮುಂದೆ ನಿಂತಿರುವಾಗಲೇ ಮೊದಲ ಹೆಸರು ‘ಹೊಸ’, ಕೊನೆಯ ಹೆಸರು ‘ಮೊಬೈಲ್’, ಹುಟ್ಟಿದ ದಿನ ಜನವರಿ 1 ಎಂದು ಕುಟ್ಟಿ, ಅಂಗಡಿಯ ನಂಬರನ್ನೇ ಕೊಟ್ಟು ಅಕೌಂಟು ಮಾಡಿ ಕೈತೊಳೆದುಕೊಳ್ಳುತ್ತಾರೆ. ಆ ಅಕೌಂಟಿನಲ್ಲಿ ನಿಮ್ಮ ಫೋಟೋ, ನಂಬರುಗಳು, ಬ್ಯಾಂಕಿನ ಪತ್ರ ಎಲ್ಲ ಇರುತ್ತವೆ. ಕೀಲಿಕೈ ಮಾತ್ರ ಎಂದೋ ಕೆಲಸ ಬಿಟ್ಟುಹೋದ ಹುಡುಗನ ತಲೆಯಲ್ಲಿ.

ಫೋನು ಹೀಗೆ ಕೇಳುವುದು ಕೆಟ್ಟುಹೋಗಿ ಅಲ್ಲ. ಕದ್ದವನು ರೀಸೆಟ್ ಮಾಡಿ ಮಾರದಿರಲಿ ಎಂದು 2015ರಿಂದ ಆಂಡ್ರಾಯ್ಡ್‌ನಲ್ಲಿ ಈ ಬೀಗ ಇದೆ. ಬಿಚ್ಚಲು ಹೀಗೆ ಪ್ರಯತ್ನಿಸಿ. ಮೊದಲು ಇಮೇಲ್ ವಿಳಾಸ ಪತ್ತೆ ಮಾಡಿ: ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಕೊಟ್ಟ ಅರ್ಜಿಯ ಪ್ರತಿ, ಮಗ ಅಥವಾ ಸೊಸೆಗೆ ನೀವು ಎಂದಾದರೂ ಕಳಿಸಿದ ಪತ್ರ, ಇವುಗಳಲ್ಲಿ ಇರಬಹುದು. ಸಿಗದಿದ್ದರೆ ಗೂಗಲ್‌ನ ಲಾಗಿನ್ ಪುಟದಲ್ಲಿ ‘ಫರ್ಗಾಟ್ ಇಮೇಲ್’ ಒತ್ತಿ ನಿಮ್ಮ ನಂಬರ್ ಕೊಡಿ. ಅದು ಅಕೌಂಟಿನಲ್ಲಿರುವ ಹೆಸರನ್ನೂ ಕೇಳುತ್ತದೆ. ನಿಮ್ಮ ಹೆಸರು ಒಪ್ಪದಿದ್ದರೆ ನಿಮ್ಮವರ ಹೆಸರು, ಅಂಗಡಿಯ ಹೆಸರು ಹಾಕಿ ನೋಡಿ. ನಗಬೇಡಿ, ಹೀಗೆ ತೆರೆದದ್ದುಂಟು. ಪಾಸ್‌ವರ್ಡ್ ಮರಳಿ ಪಡೆಯುವ ಕೆಲಸವನ್ನು ಮನೆಯಲ್ಲೇ, ನೀವು ದಿನವೂ ಬಳಸುವ ವೈಫೈನಲ್ಲೇ ಮಾಡಿ. ಪರಿಚಿತ ಜಾಗದಿಂದ ಬಂದ ಬೇಡಿಕೆಯನ್ನು ಗೂಗಲ್ ಹೆಚ್ಚು ನಂಬುತ್ತದೆ. ಯಾವುದೂ ಆಗದಿದ್ದರೆ ಕೊಂಡ ಬಿಲ್ಲು ಮತ್ತು ಗುರುತಿನ ಚೀಟಿ ಹಿಡಿದು ಆ ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೆ ಹೋಗಿ ಕೇಳಿ. ‘ಐನೂರು ಕೊಡಿ, ಬೈಪಾಸ್ ಮಾಡಿಕೊಡುತ್ತೇನೆ’ ಎನ್ನುವವರ ಬಳಿ ಹೋಗಬೇಡಿ. ಅವರು ಏನನ್ನು ಒಳಗೆ ಹಾಕುತ್ತಾರೋ ನನಗೂ ಕಾಣುವುದಿಲ್ಲ.

ಫೋನು ತೆರೆದ ಮೇಲೆ ಅಕೌಂಟಿನ ಸೆಕ್ಯುರಿಟಿ ವಿಭಾಗದಲ್ಲಿ ರಿಕವರಿ ನಂಬರ್ ನಿಮ್ಮದೇ ಇದೆಯೇ ನೋಡಿ. ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ದೃಢೀಕರಣ ಆನ್ ಮಾಡಿದರೆ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ, ಒಂದೊಂದೂ ಎಂಟು ಅಂಕಿ, ಒಂದೊಂದಕ್ಕೂ ಒಂದೇ ಬಾರಿ ಬೆಲೆ. ಕಾಗದದ ಮೇಲೆ ಬರೆದು ರೇಷನ್ ಕಾರ್ಡಿನ ಜೊತೆ ಇಟ್ಟುಬಿಡಿ. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಫೋನು ಕಳೆದ ದಿನ ಅದೂ ಹೋಗಿರುತ್ತದೆ. ನನ್ನ ಅಂಗಡಿಯಲ್ಲಿ ಗಿರಾಕಿ ಪಾಸ್‌ವರ್ಡ್ ಒತ್ತುವಾಗ ನಾನು ಬೆನ್ನು ತಿರುಗಿಸಿ ಚಹಾ ಕುಡಿಯುತ್ತೇನೆ. ‘ನೀವೇ ಹಾಕಿಬಿಡಿ’ ಎಂದು ಎಷ್ಟೇ ಕೇಳಿಕೊಂಡರೂ ಹಾಕುವುದಿಲ್ಲ.

ಪ್ರಶ್ನೆ: ಊರಿನ ಶಾಲೆಯ ಸ್ಮರಣ ಸಂಚಿಕೆಗೆ ಹಿರಿಯರು ಲೇಖನಗಳನ್ನು ಇಮೇಲ್‌ನಲ್ಲಿ ಕಳಿಸುತ್ತಿದ್ದಾರೆ. ನನ್ನ ಮೊಬೈಲ್‌ನಲ್ಲಿ ತೆರೆದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು. ವೈರಸ್ ಇರಬಹುದೇ?
— ಕಾಲೇಜು ವಿದ್ಯಾರ್ಥಿ, ಶಿರಸಿ

ಉತ್ತರ: ಪಿ, ತಲೆಯ ಮೇಲೆ ಗೀರು ಇರುವ ಎ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಚಿಹ್ನೆ ಕಾಣುತ್ತಿದೆಯೇ? ಹಾಗಾದರೆ ಅದು ವೈರಸ್ ಅಲ್ಲ, ‘ಕನ್ನಡ’ ಎಂಬ ಪದದ ಆರಂಭ. ಲೇಖನವನ್ನು ಹಳೆಯ ನುಡಿ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿ ಟೈಪಿಸಿದ್ದಾರೆ. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತವೇ; ಮೇಲೆ ಕನ್ನಡದ ಆಕಾರ ತೊಡಿಸುವುದು ಆ ಫಾಂಟು. ನಿಮ್ಮ ಫೋನಿನಲ್ಲಿ ಆ ಫಾಂಟಿಲ್ಲ. ಫೋನಿಗೆ ಅರ್ಥವಾಗುವುದು ಯೂನಿಕೋಡ್ ಮಾತ್ರ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ.

ಓದಿದರೆ ಸಾಕೆಂದಾದರೆ ಪಿಡಿಎಫ್ ಮಾಡಿ ಕಳಿಸಲು ಹೇಳಿ. ತಿದ್ದಿ ಅಚ್ಚಿಗೆ ಕೊಡಬೇಕೆಂದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪಠ್ಯ ಅಂಟಿಸಿ ಒತ್ತಿದರೆ ಆಯಿತು. ಬದಲಾದ ಮೇಲೆ ಅರ್ಕಾವತ್ತುಗಳನ್ನೂ ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಿಟ್ಟು ನೋಡಿ. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಗೊಂಚಲಾಗಿ ಮಾರ್ಪಟ್ಟು ನಿಮ್ಮನ್ನು ನಗಿಸುತ್ತವೆ. ಹಿರಿಯರಿಗೆ ಯೂನಿಕೋಡ್ ಪಾಠ ಮಾಡಲು ಹೋಗಬೇಡಿ, ಸಂಚಿಕೆ ಈ ವರ್ಷ ಬರಬೇಕಲ್ಲ.

ಪ್ರಶ್ನೆ: ‘ನಿಮ್ಮ ಫೋನಿನಲ್ಲಿ 13 ವೈರಸ್’ ಎಂದು ಗಂಟೆಗೊಮ್ಮೆ ಸೂಚನೆ ಬರುತ್ತದೆ. ಒತ್ತಿದರೆ ಆ್ಯಪ್ ಹಾಕಿಕೊಳ್ಳಿ ಎನ್ನುತ್ತದೆ.
— ಆಟೋ ಚಾಲಕರು, ಶಿವಮೊಗ್ಗ

ಉತ್ತರ: ಯಾವುದೇ ವೆಬ್ ಪುಟ ನಿಮ್ಮ ಫೋನಿನೊಳಗೆ ಇಳಿದು ವೈರಸ್ ಎಣಿಸಲಾರದು. ಸಿನಿಮಾವೋ ಕ್ರಿಕೆಟ್ಟೋ ನೋಡಲು ಯಾವುದೋ ಪುಟ ತೆರೆದಾಗ ಸೂಚನೆ ಕಳಿಸಲು ಅನುಮತಿ ಕೊಡಿ, ‘ಅಲೋ’ ಒತ್ತಿ ಎಂದು ಕೇಳಿರುತ್ತದೆ, ನೀವು ಅವಸರದಲ್ಲಿ ಒತ್ತಿರುತ್ತೀರಿ. ಕ್ರೋಮ್‌ನ ಮೂಲೆಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. ಗುರುತಿಲ್ಲದ ಹೆಸರುಗಳನ್ನೆಲ್ಲ ಬ್ಲಾಕ್ ಮಾಡಿ. ಅವರು ಹೇಳಿದ ಆ್ಯಪನ್ನು ಈಗಾಗಲೇ ಹಾಕಿಕೊಂಡಿದ್ದರೆ ತೆಗೆದುಹಾಕಿ. ಅದರ ನಂತರ ಬ್ಯಾಂಕ್ ಖಾತೆಯಿಂದ ಹಣವೇನಾದರೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಪ್ರಶ್ನೆ: ಮಳೆಯಲ್ಲಿ ನೆಂದ ಫೋನನ್ನು ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇನ್ನೆಷ್ಟು ದಿನ ಇಡಬೇಕು?
— ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ಈಗಲೇ ತೆಗೆಯಿರಿ, ಅಕ್ಕಿ ಅನ್ನಕ್ಕಿರಲಿ. ಫೋನಿನೊಳಗಿನ ನೀರನ್ನು ಅದು ಎಳೆಯುವುದಿಲ್ಲ. ಅಕ್ಕಿಯ ಸಣ್ಣ ಕಣಗಳು ಒಳಹೊಕ್ಕು ಹಾನಿ ಮಾಡಬಹುದು, ಹಾಗೆ ಇಡಬೇಡಿ ಎಂದು ಆ್ಯಪಲ್ ಕಂಪನಿಯೂ 2024ರಲ್ಲಿ ಹೇಳಿತು. ಚಾರ್ಜರ್ ತೂತಿನಲ್ಲಿ ನುಚ್ಚು, ತೌಡು ಸೇರಿಕೊಂಡ ಫೋನುಗಳನ್ನು ನಾನು ಬ್ರಷ್ ಹಿಡಿದು ಶುಚಿ ಮಾಡುತ್ತಲೇ ಇರುತ್ತೇನೆ. ಆಫ್ ಮಾಡಿ, ಸಿಮ್ ತಟ್ಟೆ ಹೊರಗೆ ತೆಗೆದು, ಚಾರ್ಜರ್ ತೂತು ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಒಲೆಯ ಹತ್ತಿರವೂ ಬೇಡ, ಕೂದಲು ಒಣಗಿಸುವ ಯಂತ್ರವೂ ಬೇಡ. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಿದಿರೋ, ಆಮೇಲೆ ನನ್ನಂಥವರಿಗೆ ಲಾಭ.

ಪ್ರಶ್ನೆ: ನನ್ನ ವಿಳಾಸದಲ್ಲಿ ಚುಕ್ಕಿ ಇಲ್ಲ. ಹೆಸರಿನ ನಡುವೆ ಚುಕ್ಕಿ ಇರುವ ವಿಳಾಸಕ್ಕೆ ಬರೆದ ಯಾರದೋ ವಿಮೆಯ ಪತ್ರಗಳು ನನಗೆ ಬರುತ್ತಿವೆ. ಹ್ಯಾಕ್ ಆಗಿದೆಯೇ?
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಇಲ್ಲ. ಜಿಮೇಲ್ ವಿಳಾಸದಲ್ಲಿ ಚುಕ್ಕಿಗೆ ಬೆಲೆಯಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ವಿಳಾಸವೂ ನಿಮ್ಮದೇ. ನಿಮ್ಮದೇ ಹೆಸರಿನ ಯಾರೋ ಅರ್ಜಿಯಲ್ಲಿ ತಮ್ಮ ವಿಳಾಸದ ಅಂಕಿಯನ್ನೋ ಅಕ್ಷರವನ್ನೋ ಬಿಟ್ಟು ಬರೆದಿದ್ದಾರೆ. ಪತ್ರದೊಳಗಿನ ಕೊಂಡಿ ಒತ್ತಬೇಡಿ, ವಿಮೆ ಕಂಪನಿಯ ಗ್ರಾಹಕ ಸೇವೆಗೆ ಒಂದು ಸಾಲು ಬರೆಯಿರಿ.

ಪ್ರಶ್ನೆ: ಇಳಿಸಿಕೊಂಡ ಇ-ಆಧಾರ್ ಪಾಸ್‌ವರ್ಡ್ ಕೇಳುತ್ತದೆ. ಹೆಸರು, ಹುಟ್ಟಿದ ವರ್ಷ ಹಾಕಿದರೂ ತೆರೆಯುತ್ತಿಲ್ಲ.
— ಅಂಗನವಾಡಿ ಕಾರ್ಯಕರ್ತೆ, ಸೊರಬ

ಉತ್ತರ: ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ ಹೆಸರಿನ ಮೊದಲ ನಾಲ್ಕು ಅಕ್ಷರ, ಎಲ್ಲವೂ ದೊಡ್ಡಕ್ಷರ, ಅದಕ್ಕಂಟಿಕೊಂಡು ಹುಟ್ಟಿದ ವರ್ಷ. ನಮ್ಮವರು ಎಡವುವುದು ಇನಿಶಿಯಲ್‌ನಲ್ಲಿ. ಕಾರ್ಡಿನಲ್ಲಿ ‘ಪಿ. ಕುಮಾರ್’ ಎಂದಿದ್ದರೆ ಪಿ ಒಂದು, ಚುಕ್ಕಿ ಇನ್ನೊಂದು, ಕೆ ಮತ್ತು ಯು ಸೇರಿ ನಾಲ್ಕು. ನಡುವಿನ ಖಾಲಿ ಜಾಗ ಲೆಕ್ಕಕ್ಕಿಲ್ಲ, ಚುಕ್ಕಿ ಇದೆ. ಜಿಮೇಲ್‌ನವರಿಗೆ ಬೇಡವಾದ ಚುಕ್ಕಿ ಆಧಾರ್‌ನವರಿಗೆ ಬೇಕು. ಹೆಸರೇ ಮೂರಕ್ಷರದ್ದಾದರೆ ಮೂರು ಹಾಕಿ ವರ್ಷ ಬರೆಯಿರಿ.