ಕೊರೊನಾ ಪರಿಹಾರ: ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ?

ಇದು 2022ರ ಜನವರಿಯಲ್ಲಿ, ಕೊರೊನಾ ಮೂರನೇ ಅಲೆ ಶುರುವಾದಾಗ ಬರೆದದ್ದು. ಇಲ್ಲಿನ ಹಣ, ನಿಯಮ, ಸಹಾಯವಾಣಿ ನಂಬರ್ ಎಲ್ಲ ಆಗಿನವು, ‘ಈ ಸಲ’, ‘ಹೋದ ವರ್ಷ’ ಅಂದದ್ದೂ ಆಗಿನ ಲೆಕ್ಕ. ಆಗ ಬರುತ್ತಿದ್ದ ಪ್ರಶ್ನೆಗಳು ಹೆಚ್ಚುಕಮ್ಮಿ ಎರಡೇ ಬಗೆಯವು. ದುಡ್ಡು ಎಲ್ಲಿ ಸಿಗುತ್ತೆ, ಕಾಯಿಲೆ ವಿಷಯದಲ್ಲಿ ಯಾರ ಮಾತು ನಂಬೋದು. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಊರು ಹಾಕಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಸರ್, ದಾವಣಗೆರೆಯಲ್ಲಿ ಆಟೊ ಓಡಿಸ್ತೀನಿ. 2020ರಲ್ಲಿ 5,000 ಬಂದಿತ್ತು. ಹೋದ ವರ್ಷ 3,000ಕ್ಕೆ ಅರ್ಜಿ ಹಾಕಿದೆ. ಮಂಜೂರಾಗಿದೆ ಅಂದ್ರು, ದುಡ್ಡು ಬರಲಿಲ್ಲ. ಈಗ ವೀಕೆಂಡ್ ಕರ್ಫ್ಯೂಗೆ ಪರಿಹಾರ ಕೊಡ್ತಾರೆ ಅಂತ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಓಡಾಡ್ತಿದೆ. ತುಂಬಲಾ?

ತುಂಬಬೇಡಿ. ಈ ಸಲ ಅಂಥ ಪ್ಯಾಕೇಜ್ ಯಾವುದೂ ಘೋಷಣೆ ಆಗಿಲ್ಲ. ಆಟೊದವರಿಗೆ ದುಡ್ಡು ಬಂದ ಎರಡೂ ಸಲ ಮೊದಲು ಮುಖ್ಯಮಂತ್ರಿಗಳು ಎಲ್ಲರ ಎದುರು ಹೇಳಿದರು (2020ರ ಮೇನಲ್ಲಿ 1,610 ಕೋಟಿ ಪ್ಯಾಕೇಜ್, 2021ರ ಮೇನಲ್ಲಿ 1,250 ಕೋಟಿಯದು), ಆಮೇಲೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಶುರುವಾಯಿತು. ಪೇಪರ್‌ನಲ್ಲಿ ಬರದೆ, ಟಿವಿಯಲ್ಲಿ ಬರದೆ, ನೇರವಾಗಿ ನಿಮ್ಮ ವಾಟ್ಸಾಪ್‌ಗೇ ಬರುವ ಸರ್ಕಾರಿ ಯೋಜನೆ ಅಂತ ಒಂದಿಲ್ಲ. ‘ಹತ್ತು ಜನಕ್ಕೆ ಕಳಿಸಿದರೆ ಅರ್ಜಿ ಪಾಸಾಗುತ್ತೆ’ ಅಂತ ಕೆಳಗೆ ಬರೆದಿದ್ದರಂತೂ ಮುಗಿದೇ ಹೋಯಿತು, ಡಿಲೀಟ್ ಮಾಡಿ. ಲಿಂಕ್‌ನಲ್ಲಿ ವೆಬ್‌ಸೈಟಿನ ಹೆಸರು (ಶುರುವಿನ ‘https://’ ಬಿಟ್ಟು, ಮುಂದಿನ ಓರೆ ಗೆರೆ ಬರುವ ತನಕ) ‘ಡಾಟ್ ಗವ್ ಡಾಟ್ ಇನ್’ (.gov.in) ಅಂತಲೇ ಮುಗಿಯುತ್ತಾ ನೋಡಿ. ಆ ಅಕ್ಷರ ಮಧ್ಯದಲ್ಲೆಲ್ಲೋ ಸಿಕ್ಕಿಸಿ ಕೊನೆಗೆ ಬೇರೇನೋ ಹಾಕಿರುತ್ತಾರೆ, ಅದೇ ಮೋಸ. ಈಗಾಗಲೇ ಒಟಿಪಿ ಕೊಟ್ಟುಬಿಟ್ಟಿದ್ದರೆ ಇದನ್ನು ಓದೋದು ನಿಲ್ಲಿಸಿ, ಮೊದಲು ಬ್ಯಾಂಕಿಗೆ ಫೋನ್ ಮಾಡಿ ಖಾತೆ ತಡೆಹಿಡಿಸಿ.

ಈಗ ಬಾರದ 3,000ದ ವಿಷಯ. ‘ಕೊರೊನಾ ಪರಿಹಾರ’ ಅಂತ ಒಂದು ದೊಡ್ಡ ಗಂಟು ಇದೆ, ಕೇಳಿದವರಿಗೆ ಕೊಡುತ್ತಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಹೆಚ್ಚಿನ ದುಡ್ಡೆಲ್ಲ ಮೊದಲೇ ಇದ್ದ ಯಾವುದೋ ಒಂದು ಪಟ್ಟಿ ಹಿಡಿದು ಹೋಗಿದೆ. ನಿಮಗೆ ಬಂದದ್ದು ಸಾರಿಗೆ ಇಲಾಖೆಯ ಲೈಸೆನ್ಸ್ ಲೆಕ್ಕದಲ್ಲಿ. ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮೇಲೆ. 2020ರಲ್ಲಿ ಹೆಂಗಸರಿಗೆ ಮೂರು ತಿಂಗಳು ಐನೂರು ಐನೂರು ಬಂತಲ್ಲ, ಅದು ಜನಧನ್ ಖಾತೆ ಇದ್ದವರಿಗೆ ಮಾತ್ರ. ಹಾಗಾಗಿ ‘ಯಾವ ಸ್ಕೀಮ್ ಬಂದಿದೆ’ ಅಂತ ಕೇಳೋದಕ್ಕಿಂತ ‘ನನ್ನ ಹೆಸರು ಯಾವ ಪಟ್ಟಿಯಲ್ಲಿದೆ’ ಅಂತ ಕೇಳಿಕೊಂಡರೆ ಬೇಗ ಉತ್ತರ ಸಿಗುತ್ತೆ.

ನೀವು ಪಟ್ಟಿಯಲ್ಲಿ ಇದ್ದೀರಿ, ಮಂಜೂರೂ ಆಗಿದೆ. ಹಾಗಾದರೆ ಬಹುಶಃ ದುಡ್ಡು ಬಂದಿರುತ್ತೆ, ನೀವು ನೋಡುತ್ತಿರುವ ಪಾಸ್‌ಬುಕ್‌ಗೆ ಬಂದಿಲ್ಲ ಅಷ್ಟೇ. ಆಧಾರ್ ಮೂಲಕ ಕಳಿಸುವ ದುಡ್ಡು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗಬೇಕೆಂದಿಲ್ಲ. ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಎನ್‌ಪಿಸಿಐ ಅಂತ ಒಂದು ಸಂಸ್ಥೆ ಇದೆ, ಅವರ ಲೆಕ್ಕದಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಗೆ ಯಾವ ಬ್ಯಾಂಕಿನಲ್ಲಿ ನೀವು ಒಪ್ಪಿಗೆ ಕೊಟ್ಟು ಸಹಿ ಹಾಕಿದ್ದೀರೋ ಅಲ್ಲಿಗೆ ಹೋಗುತ್ತೆ. ಮಧ್ಯೆ ಸಾಲಕ್ಕೋ, ಮಗಳ ಸ್ಕಾಲರ್‌ಶಿಪ್‌ಗೋ ಹೊಸ ಖಾತೆ ತೆರೆದಿದ್ದರೆ, ಅಲ್ಲಿ ಹತ್ತು ಕಾಗದದ ಜೊತೆ ಇದಕ್ಕೂ ಸಹಿ ಹಾಕಿಸಿಕೊಂಡಿರುತ್ತಾರೆ, ನಮಗೆ ನೆನಪೇ ಇರೋದಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿ ಒಟಿಪಿ ಕೊಟ್ಟರೆ ಬ್ಯಾಂಕಿನ ಹೆಸರು ತೋರಿಸುತ್ತೆ, ಪಕ್ಕದಲ್ಲೇ ಆಕ್ಟಿವ್ ಇದೆಯೋ ಇಲ್ಲವೋ ಅಂತಲೂ. ಖಾತೆ ನಂಬರ್ ತೋರಿಸಲ್ಲ, ಬ್ಯಾಂಕಿನ ಹೆಸರು ಮಾತ್ರ. ಅಷ್ಟು ಸಾಕು. ಆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಕೌಂಟರ್‌ನಲ್ಲಿ ‘ಆಧಾರ್ ಲಿಂಕ್ ಆಗಿದೆಯಾ’ ಅಂದರೆ ಆಗಿದೆ ಹೋಗ್ರಿ ಅಂತಾರೆ, ಯಾಕಂದ್ರೆ ಗುರುತಿನ ದಾಖಲೆಯಾಗಿ (ಕೆವೈಸಿ) ಲಿಂಕ್ ಆಗಿರೋದೇ ಬೇರೆ. ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ’ ಅಂತ ಅದೇ ಮಾತಿನಲ್ಲಿ ಕೇಳಿ.

ಇನ್ನೊಂದು, ಇ-ಶ್ರಮ್ ಕಾರ್ಡ್ ಮಾಡಿಸಿದ್ದೀರಾ? ಪಿಎಫ್, ಇಎಸ್‌ಐ ಇಲ್ಲದ 16ರಿಂದ 59 ವಯಸ್ಸಿನವರಿಗೆ 2021ರ ಆಗಸ್ಟ್‌ನಿಂದ ಮಾಡುತ್ತಿದ್ದಾರೆ, ನೋಂದಣಿಗೆ ಕಾಸು ಕೊಡಬೇಕಿಲ್ಲ. ಇವತ್ತೇ ಕೈಗೆ ದುಡ್ಡೇನೂ ಸಿಗಲ್ಲ. ಮುಂದೆ ಯಾವುದಾದರೂ ಹಣ ಬಂದರೆ ನೋಡುವ ಪಟ್ಟಿಗಳಲ್ಲಿ ಅದೂ ಒಂದಾಗಬಹುದು.

ನಮ್ಮದು ಶಿರಾ ತಾಲ್ಲೂಕು. ನನ್ನ ಯಜಮಾನರು ಟೈಲರ್ ಇದ್ರು. ಹೋದ ಮೇ ತಿಂಗಳಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಗಂಟಲು ಪರೀಕ್ಷೆ ಮಾಡಿ ಪಾಸಿಟಿವ್ ಅಂದ್ರು. ಬೆಡ್ ಸಿಗಲಿಲ್ಲ, ಒಂಬತ್ತನೇ ದಿನ ಮನೆಯಲ್ಲೇ ತೀರಿಕೊಂಡ್ರು. ಮರಣ ಪ್ರಮಾಣ ಪತ್ರದಲ್ಲಿ ಕೊರೊನಾ ಅಂತ ಇಲ್ಲ, ಅದಕ್ಕೆ ಪರಿಹಾರ ಬರಲ್ಲ ಅಂತ ಊರಲ್ಲಿ ಹೇಳ್ತಾರೆ. ಬಿಪಿಎಲ್ ಕಾರ್ಡ್ ಇದೆ.

ಬರುತ್ತಮ್ಮ. ಊರವರ ಮಾತು ಕೇಳಿ ಇಷ್ಟು ದಿನ ಸುಮ್ಮನಿದ್ದಿರಲ್ಲ ಅಂತ ಬೇಜಾರಾಯಿತು, ಇನ್ನು ತಡ ಮಾಡಬೇಡಿ.

ಮೊದಲನೆಯದು, ಮರಣ ಪ್ರಮಾಣ ಪತ್ರದಲ್ಲಿ ಸಾವಿನ ಕಾರಣ ಯಾರಿಗೂ ಬರೆಯೋದಿಲ್ಲ. 1969ರ ಜನನ ಮರಣ ನೋಂದಣಿ ಕಾನೂನೇ ಹಾಗಿದೆ. ಕಾರಣ ಇರೋದು ಡಾಕ್ಟರು ನೋಂದಣಿ ಕಚೇರಿಗೆ ಕೊಡುವ ಬೇರೆ ಫಾರಂನಲ್ಲಿ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಫಾರಂ 4, ಮನೆಯಲ್ಲಾದರೆ 4ಎ. ಎಷ್ಟೋ ಹಳ್ಳಿಗಳಲ್ಲಿ ಆ 4ಎ ಅನ್ನು ಯಾರೂ ತುಂಬಿರಲ್ಲ, ಅದು ನಿಮ್ಮ ತಪ್ಪಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದ 30 ದಿನದೊಳಗೆ ತೀರಿಕೊಂಡರೆ, ಮನೆಯಲ್ಲೇ ಆಗಲಿ ಆಸ್ಪತ್ರೆಯಲ್ಲೇ ಆಗಲಿ, ಅದನ್ನು ಕೋವಿಡ್ ಸಾವು ಅಂತಲೇ ಲೆಕ್ಕ ಹಿಡಿಯಬೇಕು. ಪ್ರಮಾಣ ಪತ್ರದಲ್ಲಿ ಕೋವಿಡ್ ಅಂತ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 4ರಂದು ಹೇಳಿದೆ. ಹಣ ಎಷ್ಟು? ವಿಪತ್ತು ಪರಿಹಾರ ನಿಧಿಯಿಂದ 50,000, ಇದಕ್ಕೆ ಬಿಪಿಎಲ್, ಎಪಿಎಲ್ ಭೇದವಿಲ್ಲ. ನಿಮ್ಮದು ಬಿಪಿಎಲ್ ಆದ್ದರಿಂದ ನಮ್ಮ ರಾಜ್ಯ ಸರ್ಕಾರ ಅದರ ಮೇಲೆ ಕೊಡುವ 1 ಲಕ್ಷ. ಒಟ್ಟು ಒಂದೂವರೆ ಲಕ್ಷ.

ಅರ್ಜಿ ಕೊಡುವ ಜಾಗ ನಿಮ್ಮ ಹೋಬಳಿಯ ನಾಡಕಚೇರಿ. ಮರಣ ಪ್ರಮಾಣ ಪತ್ರ, ಇಬ್ಬರ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲ ನಿಮ್ಮ ಹತ್ತಿರ ಇರುತ್ತೆ. ಜನ ಸಿಕ್ಕಿಬೀಳೋದು ಪಾಸಿಟಿವ್ ಅನ್ನೋದಕ್ಕೆ ದಾಖಲೆ ಕೇಳಿದಾಗ. ಯಜಮಾನರ ಫೋನ್ ಇನ್ನೂ ಇದೆಯಾ? ಸಿಮ್ ಬಂದ್ ಆಗಿದ್ದರೂ ಪರವಾಗಿಲ್ಲ, ಹಳೆ ಮೆಸೇಜ್ ಫೋನಲ್ಲೇ ಕೂತಿರುತ್ತೆ. ಚಾರ್ಜ್ ಮಾಡಿ ಮೇ ತಿಂಗಳ ಮೆಸೇಜ್ ಹುಡುಕಿ, ‘ಎಸ್‌ಆರ್‌ಎಫ್ ಐಡಿ’ ಅಂತ 13 ಅಂಕಿಯ ನಂಬರ್ ಇರಬೇಕು, ಅದು ಪರೀಕ್ಷೆಗೆ ಕೊಟ್ಟ ಸ್ಯಾಂಪಲ್‌ನ ನಂಬರ್. ಇಡೀ ಫೈಲಿಗೆ ಅದೇ ಜೀವ. ಫೋನ್ ಕೆಟ್ಟಿದ್ದರೆ, ಮಕ್ಕಳು ಫಾರ್ಮ್ಯಾಟ್ ಮಾಡಿದ್ದರೆ, ಪರೀಕ್ಷೆ ಮಾಡಿದ ಅದೇ ತಾಲ್ಲೂಕು ಆಸ್ಪತ್ರೆಗೋ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೋ ಹೋಗಿ, ಹೆಸರು, ಅವತ್ತು ಕೊಟ್ಟ ಮೊಬೈಲ್ ನಂಬರ್, ಅಂದಾಜು ತಾರೀಖು ಹೇಳಿ. ಅವರ ಕಂಪ್ಯೂಟರಿನಲ್ಲಿ ಇರುತ್ತೆ. ಪೇಪರ್‌ನಲ್ಲಿ ಬರುತ್ತಿತ್ತಲ್ಲ, ಪ್ರತಿ ರೋಗಿಗೂ ಕೊಡುತ್ತಿದ್ದ ‘ಪಿ’ ನಂಬರ್, ಅದನ್ನೂ ಬರೆಸಿಕೊಳ್ಳಿ, ಅರ್ಜಿಯಲ್ಲಿ ಕೇಳುತ್ತಾರೆ.

ಆಮೇಲೂ ‘ಆಗಲ್ಲ’ ಅಂದರೆ ಜಗಳ ಆಡಬೇಡಿ. ಅಳಲೂ ಬೇಡಿ. ‘ಆಗಲ್ಲ ಅಂತ ಹಿಂಬರಹ ಕೊಡಿ ಸಾರ್’ ಅನ್ನಿ. ಬಾಯಲ್ಲಿ ಆಗಲ್ಲ ಅನ್ನೋರು ಕಾಗದದಲ್ಲಿ ಬರೆಯೋಕೆ ಹಿಂದೆಮುಂದೆ ನೋಡ್ತಾರೆ, ಎಷ್ಟೋ ಸಲ ಅಲ್ಲೇ ಅರ್ಜಿ ತಗೋತಾರೆ. ಬರೆದುಕೊಟ್ಟರೆ ಇನ್ನೂ ಒಳ್ಳೆಯದು, ಅದನ್ನು ಹಿಡಿದು ಜಿಲ್ಲೆಯಲ್ಲಿ ಕೋವಿಡ್ ಸಾವು ತೀರ್ಮಾನಿಸುವ ಸಮಿತಿಗೆ ಅರ್ಜಿ ಕೊಡಬಹುದು. ದಾಖಲೆ ಸರಿ ಇದ್ದರೆ ಅರ್ಜಿ ಕೊಟ್ಟ 30 ದಿನದಲ್ಲಿ 50,000 ಇತ್ಯರ್ಥ ಆಗಬೇಕು ಅಂತ ನಿಯಮ. ಸ್ವೀಕೃತಿ ಚೀಟಿ ಇಲ್ಲದೆ ಮಾತ್ರ ಕಚೇರಿ ಬಿಟ್ಟು ಬರಬೇಡಿ. ವಿಧವಾ ವೇತನಕ್ಕೆ ಅರ್ಜಿ ಹಾಕಿಲ್ಲದಿದ್ದರೆ ಅದೇ ನಾಡಕಚೇರಿಯಲ್ಲಿ ಅವತ್ತೇ ಅದನ್ನೂ ಕೊಡಿ, ಎರಡು ಸಲ ಬಸ್ ಚಾರ್ಜ್ ಯಾಕೆ.

ನಡುವೆ ಯಾರೋ ಬಂದು ‘ಮಾಡಿಸಿಕೊಡ್ತೀನಿ, ಹತ್ತು ಪರ್ಸೆಂಟ್’ ಅಂದರೆ, ಅವರು ಮಾಡೋದೂ ಇಷ್ಟೇ ಕೆಲಸ ಅಂತ ನೆನಪಿರಲಿ.

ಮದ್ದೂರಿನಿಂದ. ಗಾರ್ಮೆಂಟ್ಸ್‌ನಲ್ಲಿದ್ದೀನಿ. ಕೊರೊನಾಗೆ ಪಿಎಫ್ ದುಡ್ಡು ಕೊಡ್ತಾರಂತೆ, 2020ರಲ್ಲಿ ಒಂದು ಸಲ ತಗೊಂಡಿದ್ದೆ. ಮತ್ತೆ ಸಿಗುತ್ತಾ?

ಸಿಗುತ್ತೆ. 2021ರ ಮೇ ಕೊನೆಯಲ್ಲಿ ಎರಡನೇ ಸಲಕ್ಕೂ ಅವಕಾಶ ಕೊಟ್ಟಿದ್ದಾರೆ. ಮೂರು ತಿಂಗಳ ಬೇಸಿಕ್ ಮತ್ತು ಡಿಎ, ಅಥವಾ ಖಾತೆಯಲ್ಲಿರುವ ಹಣದ ಶೇ 75, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ವಾಪಸ್ ಕಟ್ಟಬೇಕಿಲ್ಲ. ನಿಮ್ಮ ಪಿಎಫ್ ನಂಬರ್‌ಗೆ (ಯುಎಎನ್) ಆಧಾರ್, ಬ್ಯಾಂಕ್ ಖಾತೆ ಸೇರಿದ್ದರೆ ಉಮಂಗ್ ಆ್ಯಪ್‌ನಲ್ಲೇ ಹಾಕಬಹುದು, ಕಂಪನಿಯ ಸಹಿ ಬೇಕಿಲ್ಲ. ಆದರೆ ಇದು ಸರ್ಕಾರ ಕೊಡುವ ದುಡ್ಡಲ್ಲ, ನಿಮ್ಮದೇ. ಸಂಘದ ಸಾಲದ ಕಂತು ಮೈಮೇಲೆ ಬಂದಿದ್ದರೆ, ಇನ್ನೊಂದು ಕೈಸಾಲ ಮಾಡೋ ಬದಲು ಇದನ್ನು ತೆಗೆಯಿರಿ. ಅಂಥ ತುರ್ತು ಇಲ್ಲದಿದ್ದರೆ ಸುಮ್ನೆ ಬಿಡಿ, 2020-21ಕ್ಕೆ ಶೇ 8.5 ಬಡ್ಡಿ ಕೊಟ್ಟಿದ್ದಾರೆ. ನಿಮ್ಮ ಊರಿನ ಯಾವ ಬ್ಯಾಂಕೂ ಅಷ್ಟು ಕೊಡಲ್ಲ.

ನಮ್ಮ ಪಕ್ಕದ ಮನೆಯ ಹುಡುಗನ ಅಪ್ಪ ಅಮ್ಮ ಇಬ್ಬರೂ ಕೊರೊನಾದಲ್ಲಿ ಹೋದರು, ಅಜ್ಜಿ ಜೊತೆ ಇದ್ದಾನೆ. ಏನಾದರೂ ಇದೆಯಾ? (ಗದಗ)

ಎರಡು ಇದೆ. ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500. ಕೇಂದ್ರದ ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ. ಅಜ್ಜಿಯನ್ನು ಅಲೆಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಫೋನ್ ಮಾಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ವಿಷಯ ಮುಟ್ಟಿಸುತ್ತಾರೆ. ಹುಡುಗನ ಹೆಸರಿನ ಖಾತೆ, ಇಬ್ಬರ ಮರಣ ಪ್ರಮಾಣ ಪತ್ರ ರೆಡಿ ಇಟ್ಟಿರಿ.

ಬೆಂಗಳೂರು. ಮನೆಯಲ್ಲೇ ಕಿಟ್‌ನಲ್ಲಿ ನೋಡಿಕೊಂಡೆ, ಎರಡು ಗೆರೆ ಬಂತು. ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ಒಬ್ಬರು 14 ದಿನ ಅಂತಾರೆ, ಒಬ್ಬರು 5 ದಿನ ಅಂತಾರೆ. ಇನ್ನೊಬ್ಬರು ಹೋದ ವರ್ಷದ ಮಾತ್ರೆ ಚೀಟಿ ಹಾಕಿ ಇದನ್ನೇ ತಗೊಳ್ಳಿ ಅಂದಿದ್ದಾರೆ. ಯಾರನ್ನು ಕೇಳೋದು?

ಗ್ರೂಪನ್ನು ಒಂದು ವಾರ ಮ್ಯೂಟ್ ಮಾಡಿ. 14410 ಆಪ್ತಮಿತ್ರ, 104 ಆರೋಗ್ಯ ಸಹಾಯವಾಣಿ, ಕೇಂದ್ರದ್ದು 1075. ಲೈನ್ ಸಿಗೋದು ಕಷ್ಟ ನಿಜ, ಬೆಳಿಗ್ಗೆ ಬೇಗ ಪ್ರಯತ್ನಿಸಿ.

ಈ ತಿಂಗಳು (2022ರ ಜನವರಿ) ಕೇಂದ್ರ ಆರೋಗ್ಯ ಸಚಿವಾಲಯ ನಿಯಮ ಬದಲಿಸಿದೆ. ಲಕ್ಷಣ ಕಡಿಮೆ ಇದ್ದವರು ಪಾಸಿಟಿವ್ ಬಂದ ದಿನದಿಂದ ಕನಿಷ್ಠ 7 ದಿನ ಮನೆಯಲ್ಲಿ ಬೇರೆ ಇರಬೇಕು. ಕೊನೆಯ ಮೂರು ದಿನ ಜ್ವರ ಇರಬಾರದು. ಆಮೇಲೆ ಮತ್ತೆ ಪರೀಕ್ಷೆ ಬೇಕಿಲ್ಲ. 14 ದಿನ ಅಂದವರದು ಹಳೆ ಲೆಕ್ಕ.

ಮಾತ್ರೆ ಚೀಟಿ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಆ ಚೀಟಿಯಲ್ಲಿ ಸ್ಟೀರಾಯ್ಡ್ ಇದ್ದರೆ ಮುಟ್ಟಬೇಡಿ. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಲಾಭವಿಲ್ಲ, ತೊಂದರೆಯೇ ಜಾಸ್ತಿ. ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ಹೇಗೆ ಹಬ್ಬಿತು ಅಂತ ನೋಡಿದ್ದೀವಲ್ಲ, ಶುಗರ್ ಇರುವವರಿಗೆ ಬೇಕಾಬಿಟ್ಟಿ ಸ್ಟೀರಾಯ್ಡ್ ಕೊಟ್ಟಿದ್ದೂ ಅದಕ್ಕೆ ಒಂದು ದೊಡ್ಡ ಕಾರಣ.

ಆಕ್ಸಿಮೀಟರ್ ಇದ್ದರೆ ಬೆರಳಿಗೆ ಉಗುರು ಬಣ್ಣ ಇರಬಾರದು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಅಂಕಿ ನಿಲ್ಲುವ ತನಕ ಕಾಯಿರಿ. ಒಂದು ಗಂಟೆಯೊಳಗೆ ಮೂರು ಸಲ ನೋಡಿದಾಗಲೂ 93 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಉಸಿರಾಟ ಕಷ್ಟವಾದರೆ, ಎದೆ ಹಿಡಿದಂತಾದರೆ, ಮಾತು ತೊದಲಿ ಗೊಂದಲವಾದರೆ ಕಾಯೋದು ಬೇಡ, 108ಕ್ಕೆ ಫೋನ್ ಮಾಡಿ. 100 ಡಿಗ್ರಿ ದಾಟಿದ ಜ್ವರ ಮೂರು ದಿನವಾದರೂ ಇಳಿಯದಿದ್ದರೆ ಡಾಕ್ಟರನ್ನು ಕಾಣಿ.

ಇನ್ನು ಆ ಎರಡು ಗೆರೆ. ಕಿಟ್ ಜೊತೆ ಕೊಟ್ಟ ಆ್ಯಪ್‌ನಲ್ಲಿ ಫೋಟೊ ಹಾಕಿದ್ರಾ? ತುಂಬ ಜನ ಬಾಗಿಲಿಗೆ ಸ್ಟಿಕ್ಕರ್ ಹಚ್ಚಿಬಿಡ್ತಾರೆ ಅನ್ನೋ ಭಯಕ್ಕೆ ಹಾಕಲ್ಲ, ಕಿಟ್ ಅನ್ನು ಕಸಕ್ಕೆ ಎಸೆದು ಸುಮ್ಮನಾಗ್ತಾರೆ. ಹಾಗೆ ಮಾಡಿದರೆ ಸರ್ಕಾರದ ಲೆಕ್ಕದಲ್ಲಿ ನಿಮಗೆ ಕೊರೊನಾ ಬಂದೇ ಇಲ್ಲ. ನಾಳೆ ಜಾಸ್ತಿಯಾಗಿ ಸರ್ಕಾರಿ ಕೋಟಾದ ಬೆಡ್ ಬೇಕಾದಾಗ, ಇನ್ಶೂರೆನ್ಸ್‌ನವರು ರಿಪೋರ್ಟ್ ಕೇಳಿದಾಗ, ಶಿರಾದ ಆ ತಾಯಿ ಹುಡುಕುತ್ತಿರುವ ನಂಬರ್ ನಿಮ್ಮ ಹತ್ತಿರ ಇರೋದೇ ಇಲ್ಲ. ಇವತ್ತೇ ಆ್ಯಪ್‌ನಲ್ಲಿ ಹಾಕಿ. ಅಥವಾ ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಆರ್‌ಟಿ-ಪಿಸಿಆರ್ ಮಾಡಿಸಿ, ಮೆಸೇಜ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಮನೆಯವರಲ್ಲಿ ಇನ್ನೊಬ್ಬರ ಫೋನಿಗೆ ಕಳಿಸಿ.