ಶೇ 12ರ ಸಾಲ ಶೇ 31 ದಾಟುವ ಬಗೆ

ಪ್ರಶ್ನೆ: ನನ್ನ ಸಣ್ಣ ಘಟಕಕ್ಕೆ 1 ಲಕ್ಷ ರೂಪಾಯಿ ಅವಧಿ ಸಾಲ ಕೇಳಿದ್ದೇನೆ. ಶೇ 12 ಫ್ಲ್ಯಾಟ್ ಬಡ್ಡಿ, 12 ಕಂತು. ಪ್ರೊಸೆಸಿಂಗ್ ಶುಲ್ಕ ಮತ್ತು ವಿಮೆಗೆಂದು 5,000 ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರಂತೆ. ಇಂದೇ ಸಹಿ ಹಾಕಿ ಎಂದು ಏಜೆಂಟರ ಒತ್ತಾಯ. ಬಡ್ಡಿ ಕಡಿಮೆಯೇ ಅಲ್ಲವೇ?

ಉತ್ತರ: ಅಲ್ಲ. ಇದಕ್ಕೆ ಉತ್ತರಿಸಿ ಉತ್ತರಿಸಿ ಸಾಕಾಗಿದೆ, ಹಾಗಾಗಿ ಈ ಸಲ ಲೆಕ್ಕವನ್ನೇ ಬಿಡಿಸಿಡುತ್ತೇನೆ. ಫ್ಲ್ಯಾಟ್ ಎಂದರೆ ಬಾಕಿ ಇಳಿದರೂ ಮೊದಲು ಪಡೆದ ಪೂರ್ತಿ ಸಾಲದ ಮೇಲೆಯೇ ಬಡ್ಡಿ. ನಿಮ್ಮ ತಿಂಗಳ ಕಂತು 9,333 ರೂಪಾಯಿ. ಅದರಲ್ಲಿ ಅಸಲು 8,333, ಬಡ್ಡಿ 1,000. ಕೊನೆಯ ಕಂತಿನ ಹೊತ್ತಿಗೆ ನೀವು ಉಳಿಸಿಕೊಂಡಿರುವ ಬಾಕಿ ಬರೀ 8,333. ಅದಕ್ಕೂ ಒಂದು ತಿಂಗಳಿಗೆ ಅದೇ 1,000 ಬಡ್ಡಿ! ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 21.5. ಕೈಗೆ ಬರುವುದು 95,000 ಮಾತ್ರ ಎಂಬುದನ್ನೂ ಸೇರಿಸಿದರೆ ಶೇ 31 ದಾಟುತ್ತದೆ.

ಈ ಕೊನೆಯ ಅಂಕಿಯನ್ನೇ ಎಪಿಆರ್, ಅಂದರೆ ಶುಲ್ಕಗಳೂ ಸೇರಿದ ವಾರ್ಷಿಕ ದರ, ಎನ್ನುವುದು. ಬ್ಯಾಂಕಾಗಲಿ ಬ್ಯಾಂಕೇತರ ಹಣಕಾಸು ಸಂಸ್ಥೆಯಾಗಲಿ (ಎನ್‌ಬಿಎಫ್‌ಸಿ), ಅದನ್ನು ಕೆಎಫ್‌ಎಸ್ ಎಂಬ ವಿವರಣಾ ಪತ್ರದಲ್ಲಿ ಬರೆದು, ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ 2024ರ ಅಕ್ಟೋಬರ್ 1ರಿಂದ ನಿಮ್ಮಂಥ ಸಣ್ಣ ಉದ್ಯಮಗಳ (ಎಂಎಸ್‌ಎಂಇ) ಅವಧಿ ಸಾಲಗಳಿಗೂ ಅನ್ವಯಿಸುತ್ತದೆ. ವಿಮೆ, ಕಾನೂನು ಶುಲ್ಕದಂತೆ ಬೇರೆಯವರ ಪರವಾಗಿ ವಸೂಲಿ ಮಾಡುವುದೂ ಎಪಿಆರ್‌ನೊಳಗೇ ಬರಬೇಕು. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹೇರುವಂತಿಲ್ಲ.

‘ಇಂದೇ ಸಹಿ’ ಎಂಬುದಂತೂ ಶುದ್ಧ ನಾಟಕ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ ಕೆಎಫ್‌ಎಸ್ ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಾಗಿರಬೇಕು. ಅಷ್ಟರೊಳಗೆ ನೀವು ಒಪ್ಪಿದರೆ ಅದರಲ್ಲಿರುವ ಷರತ್ತಿಗೆ ಅವರೂ ಬದ್ಧರು. ನಾನಾಗಿದ್ದರೆ ಮೂರೂ ದಿನ ಬಳಸಿಕೊಳ್ಳುತ್ತಿದ್ದೆ. ಒಮ್ಮೆ ಒಬ್ಬರು ತಂದು ತೋರಿಸಿದ ಹಾಳೆಯಲ್ಲಿ ಎಪಿಆರ್ ಎದುರಿನ ಚೌಕ ಖಾಲಿ. ಕೆಳಗೆ ಅವರ ಸಹಿ ಮಾತ್ರ ಮುತ್ತು ಪೋಣಿಸಿದಂತಿತ್ತು. ನಾನು ಏನು ಹೇಳಲಿ? ಚೌಕ ತುಂಬದೆ ಪೆನ್ನು ಎತ್ತಬೇಡಿ. ತುಂಬಿಕೊಡಲು ಒಪ್ಪದಿದ್ದರೆ ಸಾಲ ಕೊಡುವ ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಇಂಥ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ಪ್ರಶ್ನೆ: ಕಂತು ತಡವಾದರೆ ದಂಡದ ಬಡ್ಡಿ ಹಾಕುವುದು ಸರಿಯೇ?

ಉತ್ತರ: ದಂಡ ಶುಲ್ಕ ಹಾಕಬಹುದು, ಅದನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ; ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತೆಯೂ ಇಲ್ಲ.

ಪ್ರಶ್ನೆ: ನನ್ನ ಕ್ರೆಡಿಟ್ ಸ್ಕೋರ್ ನಾನೇ ನೋಡಿದರೆ ಅದು ಇಳಿಯುತ್ತದೆಯಂತೆ?

ಉತ್ತರ: ಇಳಿಯುವುದಿಲ್ಲ. ಈ ಕಥೆ ಯಾರು ಹುಟ್ಟಿಸಿದರೋ! ನಮ್ಮ ಸಾಲಗಳ ದಾಖಲೆ ಇಡುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು.

ಪ್ರಶ್ನೆ: ಹಣ ಕೊಟ್ಟರೆ ಹಳೆಯ ಸುಸ್ತಿ ಸಾಲವನ್ನು ದಾಖಲೆಯಿಂದ ಅಳಿಸಿ, ಹೊಸ ಸಾಲ ಕೊಡಿಸುತ್ತೇನೆ ಎನ್ನುತ್ತಾರೆ ಒಬ್ಬರು.

ಉತ್ತರ: ಅವರು ಅಳಿಸುವುದು ನಿಮ್ಮ ಹಣವನ್ನು.